ರೋಗಿಯ ಮಗ್ಗುಲು ಬದಲಿಸುವವರು ಯಾರು?

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ರೋಗಿಯನ್ನು ವಾರ್ಡಿಗೆ ಕರೆತಂದಾಗ ಹೆಸರು, ವಯಸ್ಸು, ಊರು ಬರೆದುಕೊಂಡ ಮೇಲೆ ಕೇಳುವ ಮೊದಲ ಪ್ರಶ್ನೆ "ಜೊತೇಲಿ ಯಾರಿದೀರಾ?" ಎಂಬುದು. "ಯಾರೂ ಇಲ್ಲ" ಎಂದು ಉತ್ತರ ಬಂದರೆ ಡ್ಯೂಟಿಯಲ್ಲಿರುವ ಸಿಸ್ಟರ್‌ಗೂ ಆಯಾಗೂ ಗಾಬರಿ. ಮಾತ್ರೆ, ಇಂಜೆಕ್ಷನ್, ಡ್ರಿಪ್, ಡ್ರೆಸಿಂಗ್ ಆಸ್ಪತ್ರೆಯ ಪಾಲು. ನೀರು ಕುಡಿಸುವುದು, ಉಣ್ಣಿಸುವುದು, ಬಾಯಿ ತೊಳೆಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಟ್ಟು ತೆಗೆಯುವುದು, ಒದ್ದೆಯಾದ ಹಾಸಿಗೆ ಬದಲಿಸುವುದು, ಮಗ್ಗುಲು ತಿರುಗಿಸುವುದು ಮನೆಯವರ ಪಾಲು. ಇಂಥ ಹಂಚಿಕೆಯೊಂದು ನಮ್ಮಲ್ಲಿ ನಡೆದುಬಂದಿದೆ. ಯಾವ ಪಠ್ಯಪುಸ್ತಕವೂ ಇದನ್ನು ಹೇಳಿಕೊಡುವುದಿಲ್ಲ. ಆದರೆ ಬೆಳಿಗ್ಗೆ ಮೊದಲ ಬಾರಿಗೆ ವಾರ್ಡಿಗೆ ಕಾಲಿಟ್ಟ ನರ್ಸಿಂಗ್ ವಿದ್ಯಾರ್ಥಿನಿ ಮಧ್ಯಾಹ್ನದ ಊಟದ ಹೊತ್ತಿಗೆ ಇದನ್ನು ಕಲಿತುಬಿಟ್ಟಿರುತ್ತಾಳೆ.

ಈ ಹಂಚಿಕೆ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಹಳೇ ಮೈಸೂರು ಭಾಗದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿ, ಆಮೇಲೆ ಟ್ಯೂಟರ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮನೆಯವರ ಪಾಲಿಗೆ ಬಿಟ್ಟುಕೊಟ್ಟಿರುವ ಆ ಕೆಲಸಗಳೇ ನರ್ಸಿಂಗ್‌ನ ತಿರುಳು ಎಂದು ನಾನು ಕಲಿತೆ, ಕಲಿಸಿದೆ, ಈಗಲೂ ನಂಬಿದ್ದೇನೆ. ವರ್ಜೀನಿಯಾ ಹೆಂಡರ್ಸನ್ ಎಂಬ ಅಮೆರಿಕದ ನರ್ಸ್ ಬರೆದ ಮೂಲಭೂತ ಆರೈಕೆಯ ಕಿರುಪುಸ್ತಕವನ್ನು ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1960ರಲ್ಲಿ ಪ್ರಕಟಿಸಿತು. ಅದರಲ್ಲಿ ಆಕೆ ಮನುಷ್ಯನಿಗೆ ಬೇಕಾದ 14 ಸಂಗತಿಗಳನ್ನು ಹೇಳುತ್ತಾರೆ. ಉಸಿರಾಡುವುದು, ಉಣ್ಣುವುದು ಕುಡಿಯುವುದು, ಮಲಮೂತ್ರ ವಿಸರ್ಜಿಸುವುದು, ಅಲುಗಾಡುವುದು, ನಿದ್ದೆ ಮಾಡುವುದು, ಶುಚಿಯಾಗಿರುವುದು, ಮನಸ್ಸಿನ ಮಾತು ಹೇಳಿಕೊಳ್ಳುವುದು, ತನ್ನ ದೇವರನ್ನು ನೆನೆಯುವುದು ಹೀಗೆ ಸಾಗುತ್ತದೆ ಅದು. ನಮ್ಮ ಮಕ್ಕಳು ಇದನ್ನು ಬಾಯಿಪಾಠ ಮಾಡಿ ವೈವಾದಲ್ಲಿ ಗಡಗಡನೆ ಒಪ್ಪಿಸುತ್ತಾರೆ. ಆ ಹದಿನಾಲ್ಕರಲ್ಲಿ ಇಂಜೆಕ್ಷನ್ ಇಲ್ಲ ಎಂಬುದನ್ನು ಗಮನಿಸಿದ ವಿದ್ಯಾರ್ಥಿಗಳು ನನಗೆ ಸಿಕ್ಕಿದ್ದು ಕಡಿಮೆ.

ಪ್ರಾಕ್ಟಿಕಲ್ ಪರೀಕ್ಷೆಗಳಿಗೆ ಪರೀಕ್ಷಕಿಯಾಗಿ ಹೋಗುತ್ತಿದ್ದೆ. ಒಂದು ಕಡೆ ವಿದ್ಯಾರ್ಥಿನಿಗೆ ಬೆಡ್ ಬಾತ್ ಬಂದಿತ್ತು. ಮಂಚದ ಮೇಲೆ ರಬ್ಬರಿನ ಬೊಂಬೆ ಮಲಗಿತ್ತು. ಟ್ರೇಯಲ್ಲಿ ಬೇಸಿನ್, ಸೋಪ್ ಡಿಶ್, ಎರಡು ಟವೆಲ್, ಮೆಕಿಂಟಾಷ್ ಶೀಟ್, ಎಲ್ಲ ಕ್ರಮವಾಗಿ ಜೋಡಿಸಿಟ್ಟಿದ್ದಳು. ಕಣ್ಣನ್ನು ಸೋಪಿಲ್ಲದೆ ಮೂಗಿನ ಕಡೆಯಿಂದ ಹೊರಗಿನ ಕಡೆಗೆ ಒರೆಸಿದಳು. ಕೈಕಾಲನ್ನು ತುದಿಯಿಂದ ಮೇಲಕ್ಕೆ ಒರೆಸಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. "ನೀರು ಎಷ್ಟು ಬೆಚ್ಚಗಿರಬೇಕಮ್ಮ?" ಎಂದು ಕೇಳಿದೆ. "43ರಿಂದ 46 ಡಿಗ್ರಿ ಸೆಲ್ಸಿಯಸ್ ಮೇಡಂ" ಎಂದಳು. ಬೇಸಿನ್‌ನಲ್ಲಿ ನೀರೇ ಇರಲಿಲ್ಲ. ಕೇಳಿದ್ದಕ್ಕೆ, "ನೀರಿದೆ ಅಂದ್ಕೊಂಡು ಮಾಡಬೇಕು ಅಂತ ಹೇಳಿಕೊಟ್ಟಿದಾರೆ ಮೇಡಂ" ಎಂದಳು. ಆ ಹುಡುಗಿಯದು ಯಾವ ತಪ್ಪೂ ಇಲ್ಲ. ಅವಳಿಗೆ ಕಲಿಸಿದ್ದೇ ಹಾಗೆ. ಆದರೆ ನೀರಿಲ್ಲದ ಬೇಸಿನ್‌ನಿಂದ ಮೈ ಒರೆಸಲು ಕಲಿತವಳಿಗೆ, ಮುಖ ಕುತ್ತಿಗೆ ತೋಳು ಮುಗಿಸಿ ಬೆನ್ನಿಗೆ ಬರುವಷ್ಟರಲ್ಲಿ ನೀರು ತಣ್ಣಗಾಗಿರುತ್ತದೆ, ಬದಲಿಸಬೇಕು ಎಂಬುದು ಹೇಗೆ ಗೊತ್ತಾಗಬೇಕು? ಫ್ಯಾನಿನ ಕೆಳಗೆ ಒದ್ದೆ ಮೈಗೆ ಚಳಿಯಾಗುತ್ತದೆ, ಒರೆಸುವ ಭಾಗ ಬಿಟ್ಟು ಮಿಕ್ಕಿದ್ದೆಲ್ಲ ಹೊದಿಸಿಡಬೇಕು ಎಂಬುದು ಹೇಗೆ ತಿಳಿಯಬೇಕು? ಎಪ್ಪತ್ತು ವರ್ಷದ ಮುದುಕಿ ಸೀರೆ ಸಡಿಲಿಸಲು ಒಲ್ಲೆ ಎಂದಾಗ ಏನು ಮಾತಾಡಬೇಕು ಎಂಬುದನ್ನು ಆ ಬೊಂಬೆ ಹೇಳಿಕೊಡುತ್ತದೆಯೇ?

ಮೈ ಒರೆಸುವ ಹೊತ್ತು ನರ್ಸ್‌ಗೆ ದೊರೆಯುವ ಅತ್ಯುತ್ತಮ ತಪಾಸಣೆಯ ಹೊತ್ತೂ ಹೌದು. ಹೊಟ್ಟೆ ಉಬ್ಬಿದೆಯೇ, ಕಾಲು ಊದಿದೆಯೇ, ಎರಡು ಮೀನಖಂಡಗಳಲ್ಲಿ ಒಂದು ಮಾತ್ರ ಬಿಸಿಯಾಗಿ ದಪ್ಪಗಿದೆಯೇ, ಡ್ರಿಪ್ ಹಾಕಿದ ಜಾಗ ಕೆಂಪಾಗಿದೆಯೇ, ತೊಡೆಸಂದಿಯಲ್ಲಿ ಬೆವರು ನಿಂತು ಚರ್ಮ ಬೆಂದಿದೆಯೇ, ಎರಡು ಮಾತಿಗೆ ಉಸಿರು ಕಟ್ಟುತ್ತದೆಯೇ ಎಂಬುದೆಲ್ಲ ಆ ಅರ್ಧ ಗಂಟೆಯಲ್ಲಿ ಕಣ್ಣಿಗೆ, ಕೈಗೆ ಸಿಗುತ್ತದೆ. ಈ ಕೆಲಸವನ್ನು ರೋಗಿಯ ಸೊಸೆಗೆ ಬಿಟ್ಟುಕೊಟ್ಟಾಗ ಇಷ್ಟನ್ನೂ ನಾವು ಕಳೆದುಕೊಳ್ಳುತ್ತೇವೆ. ಸೊಸೆ ಪ್ರೀತಿಯಿಂದಲೇ ಒರೆಸುತ್ತಾಳೆ. ಆದರೆ ಒಂದೇ ಕಾಲು ಊದಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಆ ಕಾಲನ್ನು ನೀವಬಾರದು, ತಕ್ಷಣ ಡಾಕ್ಟರಿಗೆ ಹೇಳಬೇಕು ಎಂಬುದು ಅವಳಿಗೆ ತಿಳಿದಿರಬೇಕಾಗಿಲ್ಲ. ನಮಗೆ ತಿಳಿದಿರಬೇಕು.

ಬೆಡ್‌ಸೋರ್ ವಿಷಯ ಬಂದರೆ ನನಗೆ ಸಿಟ್ಟು ಬರುತ್ತದೆ. ಸೊಂಟದ ಮೂಳೆ ಮುರಿದೋ, ಸ್ಟ್ರೋಕ್ ಆಗಿಯೋ ಬಂದವರಿಗೆ ವಾರ ಕಳೆಯುವಷ್ಟರಲ್ಲಿ ಬೆನ್ನಿನ ಕೆಳತುದಿಯಲ್ಲಿ ಅಂಗೈಯಗಲ ಹುಣ್ಣು. ಬಂದ ಕಾಯಿಲೆಗಿಂತ ಆಸ್ಪತ್ರೆಯಲ್ಲಿ ಸಿಕ್ಕ ಹುಣ್ಣೇ ಅವರನ್ನು ಹೆಚ್ಚು ದಿನ ಮಲಗಿಸುತ್ತದೆ. ಮಲಗಿದ ಭಾರಕ್ಕೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಂಡು ಅಲ್ಲಿಗೆ ರಕ್ತ ಬರುವುದು ನಿಲ್ಲುತ್ತದೆ. ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಮೊಣಕೈ, ತಲೆಯ ಹಿಂಭಾಗ, ಕಿವಿಯ ಅಂಚು ಕೂಡ ಹೀಗೆ ಸಾಯುವ ಜಾಗಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಪುಸ್ತಕ ಹೇಳುತ್ತದೆ, ಕೇಸ್ ಶೀಟಿನಲ್ಲಿ ಡಾಕ್ಟರೂ ಬರೆಯುತ್ತಾರೆ. ಹೇಗೆ ಬದಲಿಸಬೇಕು ಎಂಬುದನ್ನು ಯಾರೂ ಕೈಹಿಡಿದು ತೋರಿಸುವುದಿಲ್ಲ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಭಾರವೆಲ್ಲ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದೆ ತೇಲುತ್ತದೆ. ರೋಗಿ ಜಾರಿ ಕೆಳಗೆ ಹೋಗಿದ್ದರೆ ತೋಳು ಹಿಡಿದು ಎಳೆಯಬಾರದು, ಎಳೆದಷ್ಟೂ ಒಳಗಿನ ಚರ್ಮ ಹರಿಯುತ್ತದೆ. ಇಬ್ಬರು ನಿಂತು ಸೊಂಟದ ಕೆಳಗಿನ ಅಡ್ಡ ಬಟ್ಟೆಯನ್ನು ಎರಡೂ ಕಡೆ ಹಿಡಿದು ಎತ್ತಿ ಸರಿಸಬೇಕು.

ಇನ್ನೊಂದು ಮಾತು. ಬೆಡ್‌ಸೋರಿನ ಮೊದಲ ಹಂತವೆಂದರೆ ಚರ್ಮ ಕೆಂಪಾಗುವುದು, ಬೆರಳಿಂದ ಒತ್ತಿದರೂ ಆ ಕೆಂಪು ಹೋಗದಿರುವುದು ಎಂದು ಪುಸ್ತಕದಲ್ಲಿದೆ. ಬಿಸಿಲಲ್ಲಿ ದುಡಿದು ಕಪ್ಪಾದ ನಮ್ಮ ರೈತನ ಬೆನ್ನಿನಲ್ಲಿ ಆ ಕೆಂಪು ಎಲ್ಲಿ ಕಾಣುತ್ತದೆ? ನಮ್ಮ ಮಕ್ಕಳು ನೋಡಿ, ಏನೂ ಇಲ್ಲ ಎಂದು ಬರೆದುಬಿಡುತ್ತಾರೆ. ಕಪ್ಪು ಚರ್ಮದಲ್ಲಿ ಆ ಜಾಗ ಸುತ್ತಲಿಗಿಂತ ಇನ್ನಷ್ಟು ಕಪ್ಪಾಗಿ ಅಥವಾ ನೇರಳೆಯಾಗಿ ಕಾಣಬಹುದು. ಕೈಯಿಟ್ಟರೆ ಬಿಸಿಯಾಗಿ ಅಥವಾ ತಣ್ಣಗೆ, ಗಟ್ಟಿಯಾಗಿ ಅಥವಾ ಮೆತ್ತಗೆ ಬೇರೆಯೇ ಅನ್ನಿಸಬಹುದು. ಅಲ್ಲಿ ನೋವಿದೆ ಎಂದು ರೋಗಿಯೇ ಹೇಳಬಹುದು. ಆದ್ದರಿಂದ ಮುಟ್ಟಿ ನೋಡಬೇಕು, ಪಕ್ಕದ ಚರ್ಮಕ್ಕೆ ಹೋಲಿಸಿ ನೋಡಬೇಕು, ಕೇಳಬೇಕು. ಇದನ್ನು ಕರ್ನಾಟಕದ ಪ್ರತಿ ನರ್ಸಿಂಗ್ ಕಾಲೇಜಿನಲ್ಲೂ ಮೊದಲ ವರ್ಷದಲ್ಲೇ ಒತ್ತಿ ಹೇಳಬೇಕು. ನಮ್ಮ ಕಾಲದಲ್ಲಿ ಕಲಿಸುತ್ತಿದ್ದ ಕೆಲವನ್ನು ಈಗ ಬಿಡಬೇಕಾಗಿದೆ ಎಂಬುದನ್ನೂ ಹೇಳಬೇಕು. ಬಣ್ಣ ತಿರುಗಿದ ಜಾಗವನ್ನು ಸ್ಪಿರಿಟ್ ಪೌಡರ್ ಹಾಕಿ ತಿಕ್ಕಬಾರದು, ನೊಂದ ಚರ್ಮ ಇನ್ನಷ್ಟು ನೋಯುತ್ತದೆ. ರಬ್ಬರ್ ರಿಂಗಿನ ಮೇಲೆ ಕೂರಿಸುವುದು, ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಯಡಿ ಇಡುವುದು ಇವತ್ತಿಗೂ ವಾರ್ಡುಗಳಲ್ಲಿ ನಡೆಯುತ್ತಿದೆ. ಇವೆರಡೂ ಬೇಡ.

ಎಲ್ಲರ ಕಣ್ಣಿಗೂ ಕಾಣದ ಒಂದು ಸಂಕಟವಿದೆ, ಅದು ಹೆಂಗಸರ ವಾರ್ಡಿನದು. ಸಂಜೆ ನಾಲ್ಕರ ಮೇಲೆ ಅಲ್ಲಿ ಅನೇಕರು ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಮೊಣಕಾಲಿನ ಆಪರೇಷನ್ ಆಗಿದ್ದ ಒಬ್ಬ ಅಜ್ಜಿಯ ಬಾಟಲಿ ಬೆಳಿಗ್ಗೆ ತುಂಬಿಟ್ಟಷ್ಟೇ ಇತ್ತು. ಯಾಕವ್ವ ಎಂದು ಕೇಳಿದರೆ, "ಕುಡಿದ್ರೆ ರಾತ್ರಿ ಯಾರ್ನ ಎಬ್ಬಸ್ಲಿ ಮಗಾ? ಮೊಮ್ಮಗಳು ದಿನಾ ಕಾಲೇಜ್ಗೋಗಿ ಬಂದು ಇಲ್ಲೇ ಮಲೀಕತಾಳೆ, ಅವಳ್ನ ಎಷ್ಟು ಸಲ ಎಬ್ಬಸ್ಲಿ?" ಎಂದರು. ಬೆಡ್‌ಪ್ಯಾನ್ ಕೇಳಲು ನಾಚಿಕೆ, ಸುತ್ತ ಸ್ಕ್ರೀನ್ ಇಲ್ಲದಿದ್ದರೆ ಇನ್ನೂ ನಾಚಿಕೆ, ಪಕ್ಕದ ಮಂಚದವಳಿಗೆ ವಾಸನೆ ಬರುತ್ತದೆಂಬ ಮುಜುಗರ. ನೀರು ಕುಡಿಯದೆ ಮಲಬದ್ಧತೆ, ಮೂತ್ರದ ಸೋಂಕು, ತಲೆಸುತ್ತು. ವಯಸ್ಸಾದವರಲ್ಲಿ ಮಾತೂ ಹಿಡಿತ ತಪ್ಪುತ್ತದೆ, ರಾತ್ರಿ ಇದ್ದಕ್ಕಿದ್ದಂತೆ ಎದ್ದು ಎಮ್ಮೆ ಕರೆಯೋಕೆ ಹೊತ್ತಾಯ್ತು ಎನ್ನುತ್ತಾರೆ. ಆಗ ಮನೆಯವರು ತಲೆಗೇನೋ ಆಯಿತು ಎಂದು ಅಳುತ್ತಾರೆ. ಇಷ್ಟೆಲ್ಲ ಆದದ್ದು ಬೆಡ್‌ಪ್ಯಾನ್ ಕೊಡುವವರಿಲ್ಲದ್ದಕ್ಕೆ.

ಕೆಲವೆಡೆ ಇದಕ್ಕೊಂದು ಸುಲಭದ ದಾರಿ ಹುಡುಕಿಕೊಂಡಿದ್ದಾರೆ, ಎಲ್ಲರಿಗೂ ಕ್ಯಾಥೆಟರ್ ಹಾಕಿಬಿಡುವುದು. ಅಗತ್ಯವಿಲ್ಲದ ಕ್ಯಾಥೆಟರ್ ಎಂದರೆ ರೋಗಾಣುವಿಗೆ ತೆರೆದಿಟ್ಟ ಬಾಗಿಲು. ಒಂದೊಂದು ದಿನ ಹೆಚ್ಚಿಟ್ಟಷ್ಟೂ ಸೋಂಕಿನ ಅಪಾಯ ಹೆಚ್ಚುತ್ತದೆ. ಇನ್ನು ಆ ಮೂತ್ರದ ಚೀಲವನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ಸ್ಟ್ರೆಚರಿನಲ್ಲಿ ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು. ರೋಗಿಯ ಕಡೆಯವರೂ ಇದನ್ನು ತಿಳಿದಿರಲಿ, ಯಾರಾದರೂ ಮೇಲಿಟ್ಟರೆ ಕೆಳಗಿಳಿಸಲು ಹೇಳಲಿ.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಸ್ಟ್ರೋಕ್ ಆದವನಿಗೆ ಎರಡು ದಿನಕ್ಕೆ ಎಚ್ಚರ ಬಂದರೆ ಮನೆಯವರಿಗೆ ಹಿಗ್ಗು. ಶಕ್ತಿ ಬರಲೆಂದು ಕ್ಯಾರಿಯರಿನಲ್ಲಿ ಮುದ್ದೆ ಬಸ್ಸಾರು ತರುತ್ತಾರೆ. ಸ್ಟ್ರೋಕಿನಲ್ಲಿ ಕೈಕಾಲಿನಂತೆ ಗಂಟಲಿನ ಸ್ನಾಯುವೂ ಸೋತಿರಬಹುದು ಎಂಬುದು ಅವರಿಗೆ ಹೊಳೆಯುವುದಿಲ್ಲ. ನುಂಗಿದ್ದು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯುತ್ತದೆ, ಎರಡು ದಿನಕ್ಕೆ ನ್ಯುಮೋನಿಯಾ. ನೀರಿನಂಥ ಗಂಜಿಯೂ ಸುರಕ್ಷಿತವಲ್ಲ, ತೆಳ್ಳಗಿದ್ದಷ್ಟೂ ಬೇಗ ತಪ್ಪು ದಾರಿಗೆ ಜಾರುತ್ತದೆ. ಮೊದಲ ತುತ್ತಿಗೆ ಮುಂಚೆ ನರ್ಸ್ ರೋಗಿಯನ್ನು ನೆಟ್ಟಗೆ ಕೂರಿಸಿ, ಒಂದು ಚಮಚ ನೀರು ಕೊಟ್ಟು, ಕೆಮ್ಮು ಬರುತ್ತದೆಯೇ, ತುಟಿಯ ಓರೆಯಿಂದ ಸುರಿಯುತ್ತದೆಯೇ, ನುಂಗಿದ ಮೇಲೆ ದನಿ ಗೊರಗೊರ ಎನ್ನುತ್ತದೆಯೇ ಎಂದು ನೋಡಬೇಕು. ಸಂಶಯ ಬಂದರೆ ಬಾಯಲ್ಲಿ ಏನೂ ಕೊಡದೆ ಡಾಕ್ಟರಿಗೆ ಹೇಳಬೇಕು. ಪರವಾಗಿಲ್ಲ ಎಂದಾದರೆ ಗಟ್ಟಿ ಅಂಬಲಿಯಂಥದ್ದನ್ನು ಸಣ್ಣ ಚಮಚದಲ್ಲಿ, ಗದ್ದ ಸ್ವಲ್ಪ ತಗ್ಗಿಸಿ, ಬಲವಿರುವ ಕಡೆಯ ದವಡೆಗೆ ಕೊಡಬೇಕು. ಒಂದು ತುತ್ತು ನುಂಗಿದ್ದು ಖಾತ್ರಿಯಾದ ಮೇಲೆಯೇ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗಿಸಕೂಡದು. ಸೋತ ಕಡೆಯ ಕೆನ್ನೆಯೊಳಗೆ ಅನ್ನ ಉಳಿದುಕೊಂಡಿರುತ್ತದೆ, ರೋಗಿಗೆ ಅದು ಗೊತ್ತೇ ಆಗುವುದಿಲ್ಲ, ಬಾಯಿ ತೆರೆಸಿ ನೋಡಿ ತೆಗೆಯಬೇಕು. ಉಣ್ಣಿಸುವುದಕ್ಕೆ ಇಷ್ಟು ವಿದ್ಯೆ ಬೇಕು. ಇದನ್ನು ಹೊಲದಿಂದ ನೇರವಾಗಿ ಬಸ್ಸು ಹತ್ತಿ ಬಂದ ಹೆಂಡತಿಯ ತಲೆಗೆ ಕಟ್ಟಿ, ನ್ಯುಮೋನಿಯಾ ಬಂದಾಗ "ನೀವೇನು ತಿನ್ಸಿದ್ರಿ?" ಎಂದು ಗದರುವುದು ಅನ್ಯಾಯ.

ಬಾಯಿಯ ಆರೈಕೆಯನ್ನು ಎಲ್ಲರೂ ಮರೆಯುತ್ತಾರೆ. ಪ್ರಜ್ಞೆ ಇಲ್ಲದವರ, ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಬಾಯಲ್ಲೇ ಉಸಿರಾಡುವವರ ನಾಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕಿಳಿಯುತ್ತದೆ. ಪಕ್ಕಕ್ಕೆ ಮಲಗಿಸಿ, ಮೆತ್ತನೆಯ ಬ್ರಷ್ಷಿನಿಂದಲೋ ಸ್ವಲ್ಪವೇ ಒದ್ದೆ ಮಾಡಿದ ಗಾಜ್‌ನಿಂದಲೋ ಶುಚಿ ಮಾಡಿ, ಸಕ್ಷನ್ ಕೈಗೆಟಕುವಂತೆ ಇಟ್ಟುಕೊಂಡರೆ ಸಾಕು. ನಿಂಬೆ ಗ್ಲಿಸರಿನ್ ಸ್ವ್ಯಾಬ್ ಇವತ್ತಿಗೂ ಕೆಲವು ಪ್ರೊಸೀಜರ್ ಪುಸ್ತಕಗಳಲ್ಲಿದೆ. ಅದು ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ, ನಿಂಬೆಯ ಹುಳಿ ಹಲ್ಲು ಸವೆಸುತ್ತದೆ. ಎಚ್ಚರವಿರುವವರ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ಹಲ್ಲುಜ್ಜಿಸಿ, ಮುಖ ತೊಳೆಸಿ, ತಲೆ ಬಾಚಿದ ಮೇಲೆ ನೋವಿನ ಮಾತ್ರೆ ಕೇಳುವುದನ್ನು ಮರೆತ ರೋಗಿಗಳನ್ನು ನಾನು ಕಂಡಿದ್ದೇನೆ. ಉದ್ದ ಕೂದಲಿನ ಹೆಂಗಸರು ಬಹಳ ದಿನ ಮಲಗಬೇಕಾದರೆ ಹಿಂದೆ ಗಂಟು ಕಟ್ಟದೆ ಎರಡು ಜಡೆ ಮಾಡಿ ಭುಜದ ಮುಂದಕ್ಕೆ ಬಿಟ್ಟರೆ ತಲೆಗೆ ಒತ್ತುವುದಿಲ್ಲ, ಸಿಕ್ಕಾಗುವುದಿಲ್ಲ. ಆಪರೇಷನ್ನಿಗೆ ತಾಳಿ ತೆಗೆಯಲೇಬೇಕಾದಾಗ ಮೊದಲೇ ಅರಿಶಿನದ ಕೊಂಬು ಕಟ್ಟಿದ ದಾರ ಸಿದ್ಧವಿಟ್ಟುಕೊಂಡು ಕೊರಳಿಗೆ ಹಾಕಿಸುವ ಸಿಸ್ಟರುಗಳಿದ್ದಾರೆ. ಅರಿವಳಿಕೆಗೆ ಮುಂಚೆ ಆ ಹೆಂಗಸಿನ ಎದೆಬಡಿತ ಇಳಿಯುವುದಕ್ಕೆ ಅದೂ ಕಾರಣ.

ನೋವಿನ ವಿಷಯದಲ್ಲಿ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಕೇಳುವ ಪದ್ಧತಿ ಎಲ್ಲೆಡೆ ಇದೆ. ಒಳ್ಳೆಯದೇ. ನಮ್ಮ ಹಳ್ಳಿಯ ಹಿರಿಯರಿಗೆ ಅದು ಹಿಡಿಸುವುದಿಲ್ಲ, ಕೇಳಿದ್ದಕ್ಕೆ ಸುಮ್ಮನೆ ಹತ್ತು ಎಂದುಬಿಡುತ್ತಾರೆ. "ರೂಪಾಯಿಗೆ ಎಷ್ಟಾಣೆ ಕಮ್ಮಿಯಾಗಿದೆ ತಾತ?" ಎಂದು ಕೇಳಿ ನೋಡಿ. "ಆರಾಣೆ ಕಮ್ಮಿ ಕಣವ್ವ, ಹತ್ತಾಣೆ ಇನ್ನೂ ಅದೆ" ಎಂದು ಕರಾರುವಾಕ್ಕಾಗಿ ಹೇಳುತ್ತಾರೆ. ಮಾತ್ರೆ ಕೊಟ್ಟು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರೆ ಹತ್ತಾಣೆ ನಾಲ್ಕಾಣೆಗೆ ಇಳಿದದ್ದನ್ನೂ ಹೇಳುತ್ತಾರೆ. ಕೇಸ್ ಶೀಟಿನಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ಅಳತೆ ಬೇಕೇ? ಮತ್ತೆ ಹೋಗಿ ಕೇಳುವುದು ಮುಖ್ಯ. ಮಾತ್ರೆ ಕೊಟ್ಟದ್ದನ್ನು ಬರೆಯುತ್ತೇವೆ, ನೋವು ಇಳಿಯಿತೇ ಎಂಬುದನ್ನು ಬರೆಯುವುದಿಲ್ಲ.

ನರ್ಸ್‌ಗಳು ಈ ಕೆಲಸಗಳನ್ನು ಬಿಟ್ಟುಕೊಟ್ಟದ್ದು ಏಕೆ? ಸೋಮಾರಿತನ ಎಂದು ಹೇಳುವವರಿಗೆ ನೈಟ್ ಡ್ಯೂಟಿ ಗೊತ್ತಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮೂವರು ರೋಗಿಗಳಿಗೆ, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬ ನರ್ಸ್ ಇರಬೇಕು. ನಾನು ಕಂಡ ರಾತ್ರಿಗಳಲ್ಲಿ ನಲವತ್ತು ಮಂಚಗಳಿಗೆ ಒಬ್ಬಳು, ಮಂಚಗಳ ನಡುವೆ ನೆಲದ ಮೇಲೆ ಮಲಗಿದವರು ಬೇರೆ. ಅವಳು ಆಂಟಿಬಯೋಟಿಕ್ ಕೊಟ್ಟು ಮುಗಿಸುವಷ್ಟರಲ್ಲಿ ಮುಂದಿನ ಡೋಸಿನ ಹೊತ್ತು. ನಡುವೆ ಹೊಸ ಅಡ್ಮಿಷನ್, ಇಂಡೆಂಟ್ ಪುಸ್ತಕ, ವಿಮೆಯ ಕಾಗದ. ಸಿಬ್ಬಂದಿ ಕಡಿಮೆಯಾದರೆ ಮೊದಲು ಬಿಟ್ಟುಹೋಗುವುದು ಮಗ್ಗುಲು, ಬಾಯಿ, ಮಾತು. ಏಕೆಂದರೆ ಇವಕ್ಕೆ ಸಹಿ ಹಾಕುವ ಕಾಲಂ ಇಲ್ಲ. ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳನ್ನು ಅಭ್ಯಸಿಸಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲಿಂಡಾ ಏಕೆನ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯ ಪ್ರಕಾರ, ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತದೆ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರ ನಡುವೆ ನಡೆದದ್ದರ ಬಗ್ಗೆ 2013ರಲ್ಲಿ ಬಂದ ಫ್ರಾನ್ಸಿಸ್ ವರದಿಯನ್ನು ನಮ್ಮ ಅಧಿಕಾರಿಗಳು ಓದಬೇಕು. ಖರ್ಚು ಉಳಿಸಲೆಂದು ನರ್ಸ್‌ಗಳನ್ನು ಕಡಿಮೆ ಮಾಡಿದ್ದರ ಫಲವಾಗಿ ನೀರಿನ ಲೋಟ ಕೈಗೆಟಕದೆ, ಮಲಮೂತ್ರವಾದ ಹಾಸಿಗೆಯಲ್ಲೇ ರೋಗಿಗಳು ಮಲಗಿದ್ದರು. ಔಷಧ, ಯಂತ್ರಗಳಿದ್ದ ಶ್ರೀಮಂತ ದೇಶದ ಆಸ್ಪತ್ರೆ ಅದು.

ಸಿಬ್ಬಂದಿ ಕೊರತೆಯೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಸಮಾಜದಲ್ಲಿ ಇನ್ನೊಬ್ಬರ ಮಲಮೂತ್ರ ಮುಟ್ಟುವ ಕೆಲಸಕ್ಕೆ ಜಾತಿ ಅಂಟಿಕೊಂಡಿದೆ. ಬೆಡ್‌ಪ್ಯಾನ್ ಎತ್ತುವುದು ಗ್ರೂಪ್ ಡಿ ಕೆಲಸ, ಸಿರಿಂಜ್ ಹಿಡಿಯುವುದು ಸಿಸ್ಟರ್ ಕೆಲಸ ಎಂಬ ಗೆರೆಯ ಹಿಂದೆ ಇರುವುದು ಅದೇ. ಕಾಲೇಜಿಗೆ ಸೇರಿಸಲು ಬಂದ ತಂದೆಯೊಬ್ಬರು "ನನ್ನ ಮಗಳು ಅಂಥ ಕೆಲಸ ಮಾಡೋ ಹಂಗಿಲ್ಲ ಅಲ್ವಾ ಮೇಡಂ?" ಎಂದು ನನ್ನನ್ನೇ ಕೇಳಿದ್ದರು. ಮಾಡಬೇಕು, ಅದನ್ನು ಕಲಿಯಲೆಂದೇ ಬರುವುದು ಎಂದೆ. ಬೆಡ್‌ಪ್ಯಾನಿನಲ್ಲಿ ಇರುವುದನ್ನು ನೋಡುವ ಕಣ್ಣು ನರ್ಸ್‌ನದೇ ಆಗಿರಬೇಕು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಮೂತ್ರ ಗಾಢ ಕಂದಾಗಿದ್ದರೆ, ದಿನವಿಡೀ ಸ್ವಲ್ಪವೇ ಬಂದಿದ್ದರೆ ಅದಕ್ಕೂ ಅರ್ಥವಿದೆ. ಗ್ರೂಪ್ ಡಿ ನೌಕರರು ನೋಡದೆ ಸುರಿದು ಬಂದರೆ ಅವರ ತಪ್ಪಲ್ಲ, ಅವರಿಗೆ ನಾವು ಕಲಿಸಿಲ್ಲ, ಕೇಳಿಯೂ ಇಲ್ಲ. ಅವರನ್ನೂ ಆರೈಕೆಯ ತಂಡದವರೆಂದು ತಿಳಿದು, ಏನು ಕಂಡಿರಿ ಎಂದು ಕೇಳುವ ಅಭ್ಯಾಸ ಬರಬೇಕು.

ಮನೆಯವರು ದೂರ ಇರಲಿ ಎಂದು ನಾನು ಹೇಳುತ್ತಿಲ್ಲ. ತಾಯಿಯ ಕೈ ತುತ್ತು, ಮಗಳು ಬಾಚುವ ತಲೆ ರೋಗಿಗೆ ಬೇಕು. ನಾಳೆ ಮನೆಗೆ ಹೋದ ಮೇಲೆ ತಿಂಗಳುಗಟ್ಟಲೆ ನೋಡಿಕೊಳ್ಳುವವರೂ ಅವರೇ. ಆದರೆ ಅವರು ನಮ್ಮ ಜೊತೆ ಕೈಸೇರಿಸಿ ಕಲಿಯಬೇಕು. ನರ್ಸ್ ಮಾಡಿ ತೋರಿಸಿ, ಅವರಿಂದ ಮಾಡಿಸಿ, ತಿದ್ದಿ ಕಳಿಸಬೇಕು. ಡಿಸ್ಚಾರ್ಜ್ ದಿನ ಮಾತ್ರೆ ಚೀಟಿಯ ಜೊತೆ ಇದೂ ಮುಗಿದಿರಬೇಕು. ಯಾರೂ ಇಲ್ಲದೆ ಬಂದವರಿಗೆ, ದಿನಗೂಲಿ ಬಿಟ್ಟು ಕೂರಲಾಗದ ಮನೆಯವರಿಗೆ ಮಾತ್ರ ಆಸ್ಪತ್ರೆಯೇ ಎಲ್ಲವನ್ನೂ ಮಾಡಬೇಕು.

ಇದು ಆಗುವ ಮಾತೇ ಎನ್ನುವವರು ಬೆಂಗಳೂರಿನ ಕರುಣಾಶ್ರಯಕ್ಕೆ ಹೋಗಿ ನೋಡಲಿ. 1994ರಲ್ಲಿ ಹುಟ್ಟಿದ ಟ್ರಸ್ಟ್ ನಡೆಸುವ ಈ ಆಶ್ರಯಧಾಮದಲ್ಲಿ, ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ. ಅಂಥ ರೋಗಿಗಳಿಗೆ ಬೇಕಾದದ್ದು ನೋವು ಇಳಿಸುವುದು, ಹುಣ್ಣು ತೊಳೆಯುವುದು, ಬಾಯಿ ತೇವವಾಗಿಡುವುದು, ಕೂರಿಸುವುದು, ಕೇಳಿಸಿಕೊಳ್ಳುವುದು. ಕ್ಯಾನ್ಸರ್ ಹುಣ್ಣಿನ ದುರ್ವಾಸನೆಗೆ ನಾಚಿ ಮೊಮ್ಮಕ್ಕಳನ್ನೂ ಹತ್ತಿರ ಬಿಟ್ಟುಕೊಳ್ಳದವರಿರುತ್ತಾರೆ. ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿದರೆ ಆ ವಾಸನೆ ಬಹುಮಟ್ಟಿಗೆ ತಗ್ಗುತ್ತದೆ. ಶಮನ ಆರೈಕೆಯಲ್ಲಿ ಇದು ಎಲ್ಲರಿಗೂ ತಿಳಿದ ಉಪಾಯ, ನಮ್ಮ ಜನರಲ್ ವಾರ್ಡುಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಪ್ರತಿ ನರ್ಸಿಂಗ್ ವಿದ್ಯಾರ್ಥಿಯೂ ಶಮನ ಆರೈಕೆ ನಡೆಯುವ ಕಡೆ ಕೆಲವು ವಾರ ಕಡ್ಡಾಯವಾಗಿ ಕೆಲಸ ಮಾಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

2021ರಲ್ಲಿ ಪರಿಷ್ಕರಿಸಿದ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮ ಮೊದಲೆರಡು ಸೆಮಿಸ್ಟರಿನಲ್ಲಿ ನರ್ಸಿಂಗ್ ಫೌಂಡೇಶನ್ ಇಟ್ಟಿದೆ. ನಾನು ಇಲ್ಲಿ ಬರೆದದ್ದರಲ್ಲಿ ಬಹುಪಾಲು ಅದರ ವಿಷಯವೇ. ಪಠ್ಯದಲ್ಲಿ ಕೊರತೆಯಿಲ್ಲ, ನಡೆಸುವ ರೀತಿಯಲ್ಲಿದೆ. ಒಂದೇ ವಾರ್ಡಿಗೆ ಮೂರ್ನಾಲ್ಕು ಕಾಲೇಜಿನ ಮಕ್ಕಳು ಬರುತ್ತಾರೆ. ಒಬ್ಬಳು ಇಡೀ ವಾರ್ಡಿನ ಬಿಪಿ ನೋಡುತ್ತಾಳೆ, ಇನ್ನೊಬ್ಬಳು ಟೆಂಪರೇಚರ್, ಮತ್ತೊಬ್ಬಳು ಕೇಸ್ ಶೀಟ್ ನೋಡಿ ಕೇರ್ ಪ್ಲಾನ್ ಬರೆದುಕೊಳ್ಳುತ್ತಾಳೆ. ಹನ್ನೊಂದಕ್ಕೆಲ್ಲ ಕಾರಿಡಾರಿನಲ್ಲಿ ನಿಂತಿರುತ್ತಾರೆ. ಅದರ ಬದಲು ಒಬ್ಬ ವಿದ್ಯಾರ್ಥಿಗೆ ಒಬ್ಬರೇ ರೋಗಿಯನ್ನು ಪೂರ್ತಿಯಾಗಿ ಒಪ್ಪಿಸಬೇಕು. ಬೆಳಿಗ್ಗೆ ಹಲ್ಲುಜ್ಜಿಸುವುದರಿಂದ ಮಧ್ಯಾಹ್ನ ಉಣ್ಣಿಸಿ ಮಲಗಿಸುವವರೆಗೆ ಆ ರೋಗಿ ಅವಳ ಅಥವಾ ಅವನ ಹೊಣೆ. ಹುಡುಗರು ಗಂಡಸರ ವಾರ್ಡಿನಲ್ಲಿ ಇದನ್ನು ಬಹಳ ಚೆನ್ನಾಗಿ ಮಾಡುತ್ತಾರೆ, ನಾನು ನೋಡಿದ್ದೇನೆ. ಪಕ್ಕದಲ್ಲಿ ಟ್ಯೂಟರ್ ನಿಂತಿರಬೇಕು, ಸ್ಟಾಫ್ ರೂಮಿನಲ್ಲಿ ಅಲ್ಲ.

ಆಸ್ಪತ್ರೆಗೂ ಕೆಲವು ಸಾಮಾನು ಬೇಕು, ಯಾವುದೂ ದುಬಾರಿಯಲ್ಲ. ಮಂಚಕ್ಕೆ ಎರಡು ದಿಂಬು ಹೆಚ್ಚಿಗೆ, ಉಬ್ಬಸದವರು ಮುಂದಕ್ಕೆ ಒರಗಿ ಕೂರಲು ಕಾರ್ಡಿಯಾಕ್ ಟೇಬಲ್, ಮುರಿಯದ ಬ್ಯಾಕ್ ರೆಸ್ಟ್, ಹರಿಯದ ಸ್ಕ್ರೀನ್ ಬಟ್ಟೆ, ದಿನಕ್ಕೆ ಬೇಕಾದಷ್ಟು ಒಗೆದ ಶೀಟು, ಬಿಸಿನೀರು. ಸಿ.ಟಿ. ಯಂತ್ರದ ಉದ್ಘಾಟನೆಗೆ ಬರುವ ಜನಪ್ರತಿನಿಧಿಗಳು ಅದೇ ದಿನ ಹೆಂಗಸರ ವಾರ್ಡಿನಲ್ಲಿ ಎಷ್ಟು ಸ್ಕ್ರೀನ್ ಇವೆ ಎಂದೂ ಕೇಳಲಿ. ರಾತ್ರಿ ಹತ್ತಕ್ಕೆ ದೀಪ ತಗ್ಗಿಸಿ, ಮೊಬೈಲಿನ ಸದ್ದು ನಿಲ್ಲಿಸುವುದಕ್ಕೆ ದುಡ್ಡೇ ಬೇಡ. ಅನಗತ್ಯ ಸದ್ದು ರೋಗಿಯ ಮೇಲೆ ನಡೆಸುವ ಕ್ರೌರ್ಯ ಎಂಬ ಮಾತನ್ನು ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದಲ್ಲೇ ವಿವರವಾಗಿ ಬರೆದಿದ್ದರು.

ಪರೀಕ್ಷೆಯ ವಿಷಯ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೈಯಲ್ಲಿದೆ. ಮೂಲಭೂತ ಆರೈಕೆಯ ಪ್ರಾಕ್ಟಿಕಲ್ ಬೊಂಬೆಯ ಮೇಲೆ ನಡೆಯಬಾರದು. ಒಪ್ಪಿಗೆ ಕೊಟ್ಟ ರೋಗಿಯೊಬ್ಬರನ್ನು ವಿದ್ಯಾರ್ಥಿ ಮೂರು ಗಂಟೆ ನೋಡಿಕೊಳ್ಳಲಿ. ಪರೀಕ್ಷಕರು ಕೊನೆಗೆ ಬಂದು ನೀರಿನ ಲೋಟ ಕೈಗೆಟಕುತ್ತದೆಯೇ, ಹಿಮ್ಮಡಿ ತೇಲುತ್ತಿದೆಯೇ, ಶೀಟಿನಲ್ಲಿ ಸುಕ್ಕು ಇದೆಯೇ, ಬಾಯಿ ಒಣಗಿದೆಯೇ ಎಂದು ನೋಡಲಿ. ಆಮೇಲೆ ವಿದ್ಯಾರ್ಥಿಯನ್ನು ಹೊರಗೆ ಕಳಿಸಿ ರೋಗಿಯನ್ನು ಕೇಳಲಿ: ಬೆಳಿಗ್ಗೆಗಿಂತ ಈಗ ಎಷ್ಟಾಣೆ ಹಾಯಾಗಿದೆ? ಆ ಉತ್ತರಕ್ಕೆ ಒಟ್ಟು ಅಂಕದಲ್ಲಿ ಕಾಲು ಭಾಗವನ್ನಾದರೂ ಮೀಸಲಿಡಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಮುಂದಿನ ಪರೀಕ್ಷೆಗೇ ಶುರುಮಾಡಬಹುದು.